ತೊಟ್ಟಿಲಿನ ಫೈಲು

"ನಿಮ್ಮ ಫೈಲನ್ನ ನಾನೇ ನೋಡ್ತೀನಮ್ಮ. ಇನ್ನೊಬ್ಬರ ಕೈಗೆ ಕೊಡೋದಿಲ್ಲ. ಮಾತು ಕೊಟ್ಟಿದೀನಿ ಅಂದ್ಕೊಳಿ."

ನಾಲ್ಕು ವರ್ಷದ ಹಿಂದೆ, ಊಟದ ಬಿಡುವಿಗೆ ಇನ್ನೂ ಹತ್ತು ನಿಮಿಷ ಇರುವಾಗ, ಹಿರಿಯ ಪರಿಶೀಲಕಿ ಫೋನಿನಲ್ಲಿ ಹೀಗೆ ಹೇಳಿದ್ದಳು. ಆ ಕಚೇರಿಯಲ್ಲಿ ಮಾತು ಕೊಡುವ ವಾಡಿಕೆಯೇ ಇರಲಿಲ್ಲ. ಬ್ಯಾಂಕು, ವಿಮೆ ಕಂಪನಿ, ಸಾಲ ಕೊಡುವ ಸಂಸ್ಥೆಗಳ ಮೇಲೆ ಜನ ಬರೆದ ದೂರುಗಳನ್ನು ನೋಡಿ ತೀರ್ಮಾನ ಹೇಳುವುದು ಅಲ್ಲಿನ ಕೆಲಸ. ಫೋನಿನಲ್ಲಿ ಏನು ಹೇಳಬೇಕೆಂಬುದನ್ನು ಅಚ್ಚು ಹಾಕಿಸಿ ಪ್ರತಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. "ಪರಿಶೀಲನೆಯಲ್ಲಿದೆ", "ಸರದಿಯಂತೆ ಕೈಗೆತ್ತಿಕೊಳ್ಳಲಾಗುವುದು", "ನಿಮ್ಮ ಸಹನೆಗೆ ಧನ್ಯವಾದ". ಮೂರರಲ್ಲಿ ಒಂದನ್ನು ಹೇಳಿ ಫೋನ್ ಇಟ್ಟರೆ ಅಂದಿನ ಕೆಲಸ ಮುಗಿಯಿತು.

ಆದರೆ ಆ ದಿನ ಆ ಕಡೆ ಇದ್ದ ಹೆಂಗಸು ಅಳಲಿಲ್ಲ, ಬೈಯಲೂ ಇಲ್ಲ. ಮನೆಯಲ್ಲೇ ಬಟ್ಟೆ ಹೊಲಿದುಕೊಂಡು ಸಂಸಾರ ನಡೆಸುವಾಕೆ. ಹೊಲಿಗೆ ಯಂತ್ರದ ಸದ್ದು ನಿಲ್ಲಿಸಿ, ದಣಿದ ದನಿಯಲ್ಲಿ, "ಮೇಡಂ, ನೀವು ಆರನೇವ್ರು. ಐದು ಜನಕ್ಕೆ ಮೊದಲಿಂದ ಹೇಳಿದೀನಿ. ಹೇಗೆ ಬಿದ್ರು, ಯಾವ ಮಗ್ಗುಲಿಗೆ ಬಿದ್ರು, ಬಿದ್ದಾಗ ಪ್ರಜ್ಞೆ ಇತ್ತಾ... ಹೇಳಿ ಹೇಳಿ ಈಗ ನನಗೇ ನಾನೆಲ್ಲೋ ಸುಳ್ಳು ಹೇಳ್ತಿದೀನಾ ಅನ್ಸುತ್ತೆ. ಏಳನೇವ್ರಿಗೆ ಹೇಳೋಕೆ ನನ್ನ ಕೈಲಾಗಲ್ಲ" ಎಂದಿದ್ದಳು. ಪರಿಶೀಲಕಿಗೆ ಗಾಜಿನ ಕೆಳಗಿನ ಮೂರು ಸಾಲೂ ಬಾಯಿಗೆ ಬರಲಿಲ್ಲ. ಮಾತು ಕೊಟ್ಟಳು.

ಫೈಲಿನಲ್ಲಿದ್ದದ್ದು ಇಷ್ಟು. ಹೊಲಿಗೆಯಾಕೆಯ ಗಂಡ ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಬಳಿಯುವವನು. ಮೂರನೇ ಮಹಡಿಯ ಮಟ್ಟದಲ್ಲಿ ನಿಂತ ಹಲಗೆ ಮುರಿದು ಬಿದ್ದ. ಬೆನ್ನುಮೂಳೆ ಹೋಯಿತು, ಸೊಂಟದ ಕೆಳಗೆ ಅಲುಗಾಟವಿಲ್ಲ. ಇಂಥದಕ್ಕೇ ಎಂದು ಹನ್ನೊಂದು ವರ್ಷ ತಪ್ಪದೆ ಕಂತು ಕಟ್ಟಿದ್ದ ವಿಮೆ ಇತ್ತು. ಕಂಪನಿ ಕೊಡುವುದಿಲ್ಲ ಎಂದಿತು. ಪಾಲಿಸಿ ಮಾಡಿಸುವಾಗ "ಹಿಂದೆ ಬೆನ್ನಿಗೆ ಚಿಕಿತ್ಸೆ ಪಡೆದಿದ್ದೀರಾ" ಎಂಬ ಪ್ರಶ್ನೆಗೆ ಅವನು "ಇಲ್ಲ" ಎಂದು ಗುರುತು ಹಾಕಿದ್ದ. ಅದಕ್ಕೂ ಎರಡು ವರ್ಷ ಹಿಂದೆ ಬೆನ್ನುನೋವು ಎಂದು ಡಾಕ್ಟರರ ಹತ್ತಿರ ಐದು ದಿನದ ಮಾತ್ರೆ ಬರೆಸಿಕೊಂಡಿದ್ದ ಚೀಟಿಯನ್ನು ಕಂಪನಿ ಎಲ್ಲಿಂದಲೋ ಅಗೆದು ತೆಗೆದಿತ್ತು. ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ವಾದ.

"ಐದು ಮಾತ್ರೆ ನುಂಗಿದ್ರು ಅಂದ್ರೆ, ಹಲಗೆ ಮುರಿದದ್ದು ಸುಳ್ಳಾಗುತ್ತಾ ಮೇಡಂ?" ಎಂದು ಹೊಲಿಗೆಯಾಕೆ ಕೇಳಿದ್ದಳು.

ಈ ಕಚೇರಿ ಕಂಪನಿಯದೇ ತಪ್ಪು ಎಂದು ಬರೆದರೆ ಕಂಪನಿ ಬಾಯಿ ಮುಚ್ಚಿಕೊಂಡು ಕೊಡಬೇಕು, ಅದು ಕಾನೂನು. ಈ ಕಚೇರಿ ಫೈಲು ಮುಚ್ಚಿದರೆ ಅದೇ ದೂರನ್ನು ಮತ್ತೆ ಕೊಡುವಂತಿಲ್ಲ, ಅದೂ ಕಾನೂನು. ಉಳಿದದ್ದು ಕೋರ್ಟು. ರವಿಕೆಯ ಹುಕ್ಕು ಹೊಲಿದು ಕೋರ್ಟಿನ ಮೆಟ್ಟಿಲು ಹತ್ತುವುದುಂಟೇ? ಹೀಗಾಗಿ ಆ ಮನೆಯ ಪಾಲಿಗೆ ಬಾಗಿಲು ಎನ್ನುವುದು ಒಂದೇ ಇತ್ತು, ಅದರ ಚಿಲಕ ಪರಿಶೀಲಕಿಯ ಕೈಯಲ್ಲಿತ್ತು.

ಇನ್ನು ತೊಟ್ಟಿಲಿನ ವಿಷಯ. ಕಚೇರಿಗೆ ಬಂದ ದೂರಿಗೆ ಆವಕ ಪುಸ್ತಕದಲ್ಲಿ ನಂಬರು ಬೀಳುತ್ತಿತ್ತು, ಆಮೇಲೆ ಅದು ಕಿಟಕಿ ಪಕ್ಕದ ಉದ್ದನೆಯ ಕಟ್ಟಿಗೆಯ ಕಪಾಟಿಗೆ ಹೋಗುತ್ತಿತ್ತು. ಯಾವ ಕಾಲದಲ್ಲಿ ಯಾರು ಇಟ್ಟ ಹೆಸರೋ, ಅದಕ್ಕೆ ತೊಟ್ಟಿಲು ಎನ್ನುತ್ತಿದ್ದರು. ಕಂಪ್ಯೂಟರು ಬಂದು ಕಪಾಟು ಗುಜರಿಗೆ ಹೋದಮೇಲೂ, ಪರದೆಯ ಮೇಲಿನ ಪಟ್ಟಿಗೆ ಅದೇ ಹೆಸರು ಉಳಿಯಿತು. ಯಾರಾದರೂ ಪರಿಶೀಲಕರು ಫೈಲನ್ನು ಎತ್ತಿಕೊಂಡ ದಿನವೇ ಅದು ಹುಟ್ಟಿದ ದಿನ. ಅಲ್ಲಿಂದ ತೊಂಬತ್ತು ದಿನದಲ್ಲಿ ಮುಗಿಸಬೇಕು, ಮುಗಿಸದಿದ್ದರೆ ಎತ್ತಿಕೊಂಡವರ ಹೆಸರಿನ ಮುಂದೆ ಕೆಂಪು ಗುರುತು. ತೊಟ್ಟಿಲಲ್ಲಿ ಇರುವಷ್ಟು ದಿನ ಫೈಲಿಗೆ ವಯಸ್ಸೇ ಇಲ್ಲ. ಮೂರು ವರ್ಷ ಮಲಗಿದ್ದರೂ ಅದು ಹುಟ್ಟದ ಕೂಸು.

ಹೀಗಿದ್ದಮೇಲೆ ಯಾರು ತಾನೆ ದಪ್ಪ ಫೈಲು ಎತ್ತಿಕೊಳ್ಳುತ್ತಾರೆ? ವಾರಕ್ಕೆ ಏಳು ಮುಗಿಸಬೇಕೆಂಬ ಲೆಕ್ಕ ತಲೆಯ ಮೇಲೆ ತೂಗುತ್ತಿತ್ತು. ಎಟಿಎಮ್ಮಿನದು, ಚೆಕ್ ಪುಸ್ತಕದ್ದು, ಬಡ್ಡಿ ತಪ್ಪು ಹಿಡಿದದ್ದು, ಇಂಥ ತೆಳ್ಳನೆಯವು ಸರಸರ ಹೋಗುತ್ತಿದ್ದವು. ಪಕ್ಕದ ಮೇಜಿನವನು ಇದರಲ್ಲಿ ನಿಸ್ಸೀಮ. ಅವನಿಗೆ ಕತ್ತರಿ ಎಂದೇ ಹೆಸರು. ಪರಿಶೀಲಕಿಗಿಂತ ಆರು ವರ್ಷ ದೊಡ್ಡವನಾದರೂ ಅವಳನ್ನು ಅಕ್ಕ ಎನ್ನುತ್ತಿದ್ದ. ಕಚೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

"ಅಕ್ಕಾ, ಫೈಲು ಅಂದ್ರೆ ಹಲ್ಲುನೋವು ಇದ್ದ ಹಾಗೆ. ಕಿತ್ತು ಬಿಸಾಕಬೇಕು. ನೀವು ಅದಕ್ಕೆ ಲವಂಗ ಇಟ್ಟು ಕೂರ್ತೀರ" ಎನ್ನುತ್ತಿದ್ದ ಅವನು.

"ನೀವು ಕಿತ್ತದ್ರಲ್ಲಿ ಅರ್ಧ ಒಳ್ಳೆ ಹಲ್ಲೇ ಇರುತ್ತೆ" ಎನ್ನುತ್ತಿದ್ದಳು ಇವಳು.

ಸೋಮವಾರ ಸೋಮವಾರ ತೊಟ್ಟಿಲಿನ ಫೈಲುಗಳನ್ನು ಹಂಚುವವಳು ಅವಳೇ. ಪ್ರತಿ ಸಲವೂ ಹೊಲಿಗೆಯಾಕೆಯ ಫೈಲನ್ನು ಆ ವಾರದ ಹಂಚಿಕೆಯಿಂದ ಮೆತ್ತಗೆ ತೆಗೆದು ಮತ್ತೆ ತೊಟ್ಟಿಲಿಗೇ ಸೇರಿಸುತ್ತಿದ್ದಳು. ಕತ್ತರಿಯ ಕೈಗೆ ಸಿಕ್ಕರೆ ಕಂಪನಿಯ ಪತ್ರ ಓದಿ, ಗುರುತು ತಪ್ಪು ಹಾಕಿದ್ದು ನಿಜ ತಾನೆ ಎಂದು ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ತಾನು ಎತ್ತಿಕೊಂಡರೋ, ಆಸ್ಪತ್ರೆಯ ಮುನ್ನೂರು ಹಾಳೆ ಜೋಡಿಸಿ, ಬೆನ್ನುನೋವಿಗೂ ಬಿದ್ದದ್ದಕ್ಕೂ ನಂಟಿಲ್ಲ ಎಂದು ಅಡಿಪಾಯ ಹಾಕಿ ಬರೆಯಲು ಎರಡು ದಿನ ಬೇಕು. ಆ ಎರಡು ದಿನ ನಾಲ್ಕು ವರ್ಷದಲ್ಲಿ ಸಿಗಲಿಲ್ಲ. ಮುಂದಿನ ವಾರ, ಲೆಕ್ಕ ಮುಗಿದ ಮೇಲೆ, ಮಗಳ ಪರೀಕ್ಷೆ ಕಳೆದ ಮೇಲೆ. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತುಣುಕು ತುಣುಕಾಗಿ ಓದಿ ಇಡೀ ಫೈಲು ಅವಳಿಗೆ ಬಾಯಿಪಾಠವಾಗಿತ್ತು. ತೀರ್ಮಾನವೂ ಮನಸ್ಸಿನಲ್ಲಿ ತಯಾರಿತ್ತು. ಕಂಪನಿಯದೇ ತಪ್ಪು. ಕೈಗೆತ್ತಿಕೊಳ್ಳುವುದೊಂದು ಬಾಕಿ.

ಹೊಲಿಗೆಯಾಕೆ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು.

"ನನ್ನ ಹತ್ರಾನೇ ಇದೆಯಮ್ಮ, ಎಲ್ಲೂ ಹೋಗಿಲ್ಲ."

"ನಿಮ್ಮ ಹತ್ರ ಇದೆ ಅಂದ್ರೆ ಸಾಕು ಮೇಡಂ. ನಮ್ಮನೆಯವ್ರಿಗೂ ಅದನ್ನೇ ಹೇಳ್ತೀನಿ."

ಹದಿಮೂರು ವರ್ಷದ ಮಗಳು ಬೆಳಗ್ಗೆ ಶಾಲೆಯ ಯಾವುದೋ ಕಾಗದ ಹಿಡಿದು ಸಹಿಗೆ ಬಂದರೆ, ಪರಿಶೀಲಕಿ ಒಲೆಯ ಮುಂದೆ ನಿಂತೇ "ಆಮೇಲೆ ಹಾಕ್ತೀನಿ ಇಡು" ಎನ್ನುವಳು. "ಆಯ್ತು, ನಂದೂ ತೊಟ್ಟಿಲಿಗೆ ಹೋಯ್ತು" ಎಂದು ಮಗಳು ಮೂತಿ ತಿರುಗಿಸುವಳು. ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ತಾಯಿ ಮಗಳಿಬ್ಬರೇ. ಸಂಬಳ ಒಂದೇ.

ಇಂಥ ಹೊತ್ತಿನಲ್ಲಿ ಸಂಸತ್ತಿನ ಸಮಿತಿಯ ಪತ್ರ ಬಂತು. ಹಣದ ಸಂಸ್ಥೆಗಳ ಮೇಲಿನ ದೂರುಗಳನ್ನು ಈ ಕಚೇರಿ ಹೇಗೆ ನೋಡುತ್ತಿದೆ ಎಂದು ಸಮಿತಿ ಬಹಿರಂಗ ವಿಚಾರಣೆ ನಡೆಸುವುದಾಗಿಯೂ, ಒಂದು ವರ್ಷ ಮೀರಿದ ದೂರುಗಳೆಷ್ಟಿವೆ ಎಂದು ಮುಂಚಿತವಾಗಿ ಪಟ್ಟಿ ಕೊಡಬೇಕೆಂದೂ ಪತ್ರದಲ್ಲಿತ್ತು. ಕೆಳಗೆ ಇನ್ನೊಂದು ಸಾಲು. ವಯಸ್ಸನ್ನು ದೂರು ಬಂದ ದಿನದಿಂದ ಎಣಿಸತಕ್ಕದ್ದು.

ಆ ಸಾಲನ್ನು ಎಲ್ಲರೂ ಎರಡೆರಡು ಸಲ ಓದಿದರು. ಕತ್ತರಿಯೇ ಬಾಯಿ ಬಿಟ್ಟದ್ದು. "ಮುಗೀತು. ಸಾವಿರದ ಇನ್ನೂರು ಕೂಸುಗಳಿಗೆ ಒಂದೇ ದಿನದಲ್ಲಿ ಗಡ್ಡ ಮೀಸೆ ಬಂತು."

ಮುಖ್ಯಸ್ಥರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಮೃದು ಮಾತಿನ ಮನುಷ್ಯ. ಸಿಟ್ಟು ಬಂದಷ್ಟೂ ದನಿ ತಗ್ಗುತ್ತಿತ್ತು. ಅಂದು ಹಿಂದೆ ನಿಂತವರಿಗೆ ಕೇಳಿಸಲೇ ಇಲ್ಲ. ಅವರು ಹೇಳಿದ್ದು ಎರಡು. ವರ್ಷ ಮೀರಿದ ಪ್ರತಿ ದೂರುದಾರರಿಗೂ, ನಿಮ್ಮ ದೂರು ಮುಂದುವರಿಸಬೇಕೇ, ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸಿ ಎಂದು ಪತ್ರ ಹೋಗಬೇಕು. ಉತ್ತರ ಬರದವನ್ನು "ದೂರುದಾರರಿಗೆ ಆಸಕ್ತಿ ಇಲ್ಲ" ಎಂಬ ಷರಾದೊಂದಿಗೆ ಮುಚ್ಚಬೇಕು. ಎರಡನೆಯದು, ವಿಚಾರಣೆ ಮುಗಿಯುವ ತನಕ ತೊಟ್ಟಿಲಿನಿಂದ ಯಾರೂ ಏನನ್ನೂ ಎತ್ತಿಕೊಳ್ಳಕೂಡದು. ಪಟ್ಟಿ ಅಲುಗಾಡಬಾರದು.

"ಉತ್ತರ ಬಂದವನ್ನ ಏನ್ ಮಾಡೋದು ಸರ್?" ಎಂದು ಯಾರೋ ಕೇಳಿದರು.

"ಹೊಸ ನಂಬರು ಕೊಡಿ. ಹೊಸ ದೂರು."

"ಇದ್ದೀರಾ ಪತ್ರ" ಎಂದು ಅದಕ್ಕೆ ಅದೇ ದಿನ ಅಡ್ಡಹೆಸರು ಬಿತ್ತು. ಬದುಕಿದ್ದೀರಾ, ಆ ವಿಳಾಸದಲ್ಲೇ ಇದ್ದೀರಾ, ಇನ್ನೂ ಸಿಟ್ಟಲ್ಲಿದ್ದೀರಾ. ಸಾವಿರದ ಇನ್ನೂರು ಲಕೋಟೆಗಳು ಮಾಮೂಲಿ ಟಪಾಲಿನಲ್ಲಿ ಹೊರಟವು. ಐದು ವರ್ಷದಲ್ಲಿ ಬಾಡಿಗೆ ಮನೆ ಬದಲಿಸದವರು ಯಾರಿದ್ದಾರೆ? ಮೂರನೇ ದಿನದಿಂದ ಕಟ್ಟು ಕಟ್ಟಾಗಿ ಹಿಂದಕ್ಕೆ ಬರತೊಡಗಿದವು. ಬಂದಷ್ಟೂ ಮುಖ್ಯಸ್ಥರ ಮುಖ ತಿಳಿಯಾಗುತ್ತ ಹೋಯಿತು.

ಹೊಲಿಗೆಯಾಕೆ ಮನೆ ಬದಲಿಸಿರಲಿಲ್ಲ. ಪತ್ರ ಸೇರಿದ ದಿನವೇ ಫೋನ್ ಮಾಡಿದಳು.

"ಮೇಡಂ, ಏನೋ ಬಂದಿದೆ. ಮುಂದುವರಿಸಬೇಕಾ ಅಂತ ಕೇಳಿದಾರೆ. ಲಿಖಿತವಾಗಿ ಅಂತ ಹಾಕಿದಾರೆ. ಯಾರಿಗೆ ಬರೀಬೇಕು? ಮತ್ತೆ ಮೊದಲಿಂದ ಎಲ್ಲಾ ಬರೀಬೇಕಾ?"

ಆ "ಮತ್ತೆ ಮೊದಲಿಂದ" ಎಂಬುದು ಪರಿಶೀಲಕಿಗೆ ಚುರುಕ್ಕೆಂದಿತು. ಆಕೆ ಉತ್ತರ ಬರೆದರೆ ಫೈಲಿಗೆ ಹೊಸ ನಂಬರು ಬೀಳುತ್ತದೆ, ಹೊಸ ದೂರು ಎಂದು ಸರದಿಯ ಬಾಲಕ್ಕೆ ಹೋಗುತ್ತದೆ, ಈ ಸಲ ಮುಖ್ಯಸ್ಥರೇ ಹಂಚಿ ಯಾರ ಮೇಜಿಗೋ ಹಾಕುತ್ತಾರೆ, ಅವರು ಗಂಡ ಯಾವ ಮಗ್ಗುಲಿಗೆ ಬಿದ್ದ ಎಂದು ಕೇಳುತ್ತಾರೆ. ಬೇಡವೇ ಬೇಡ. ಇದಕ್ಕೊಂದು ದಾರಿ ಅವಳಿಗೆ ಗೊತ್ತಿತ್ತು. ದೂರುದಾರರು ಫೋನ್ ಮಾಡಿದರೆ ಪರಿಶೀಲಕರು ಫೈಲಿನಲ್ಲಿ ಒಂದು ಷರಾ ಬರೆಯುತ್ತಿದ್ದರು, ಅದೇ ಉತ್ತರವೆಂದು ನಡೆಯುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವಳ ಫೋನ್ ಷರಾ ಒಂದನ್ನೂ ಯಾರೂ ಪ್ರಶ್ನೆ ಮಾಡಿರಲಿಲ್ಲ. ಕಾಗದವೇ ಬಾರದಿದ್ದರೆ ಹೊಸ ನಂಬರು ಬೀಳುವುದಿಲ್ಲ, ಹಳೇ ನಂಬರಿನಲ್ಲೇ ಫೈಲು ಉಳಿಯುತ್ತದೆ; ವಿಚಾರಣೆ ಮುಗಿದ ಮಾರನೇ ದಿನ ತಾನೇ ಎತ್ತಿಕೊಂಡರಾಯಿತು.

"ನೀವೇನೂ ಬರೀಬೇಡಿ" ಎಂದಳು. "ಅದು ಎಲ್ಲರಿಗೂ ಹೋಗೋ ಪತ್ರ. ನಿಮ್ದು ನನ್ನ ಹತ್ರ ಇದೆ."

"ಪಕ್ಕಾ ತಾನೆ ಮೇಡಂ? ಬರೆದು ಹಾಕ್ಬಿಡ್ತೀನಿ ಬೇಕಾದ್ರೆ, ನಮ್ಮನೆಯವ್ರು ಹೇಳ್ತಿದಾರೆ..."

"ನಾನಿದೀನಲ್ಲಮ್ಮ. ತಲೆ ಕೆಡಿಸ್ಕೋಬೇಡಿ."

ಆ ಕಡೆ ಆಕೆ ಗಂಡನಿಗೆ ಕೂಗಿ ಹೇಳಿದ್ದು ಕೇಳಿಸಿತು. "ಬೇಡ್ವಂತೆ ಕಣ್ರೀ, ಮೇಡಂ ನೋಡ್ಕೋತಾರಂತೆ."

ಹನ್ನೊಂದನೇ ದಿನ ಮುಚ್ಚುವ ಫೈಲುಗಳ ಪಟ್ಟಿ ಎಲ್ಲರ ಮೇಜಿಗೂ ಬಂತು. ಪ್ರತಿಯೊಬ್ಬರ ಪಾಲಿಗೆ ಬಂದವನ್ನು ಅವರವರೇ ಮುಂದಿನ ಶುಕ್ರವಾರದೊಳಗೆ ಮುಚ್ಚಬೇಕು. ಅವಳ ಪಾಲಿನ ಐವತ್ತಾರರಲ್ಲಿ ಮೂವತ್ತೊಂದನೆಯದು ಹೊಲಿಗೆಯಾಕೆಯದು. ಪಟ್ಟಿ ಹಿಡಿದು ನೇರ ಮುಖ್ಯಸ್ಥರ ಕೋಣೆಗೆ ಹೋದಳು.

"ಇದು ತಪ್ಪಿ ಸೇರಿದೆ ಸರ್. ಆಕೆ ಫೋನ್ ಮಾಡಿದ್ರು. ನಾನು ಷರಾ ಬರೆದಿದೀನಿ."

"ಈ ಸಲ ಫೋನ್ ಷರಾ ಹಿಡಿಯಲ್ಲ. ಲಿಖಿತ ಅಂತ ಪತ್ರದಲ್ಲೇ ಇತ್ತಲ್ಲ" ಎಂದರು ಅವರು, ತಲೆ ಎತ್ತದೆ.

"ಇವತ್ತೇ ಬರೆಸಿ ತರಿಸ್ತೀನಿ."

"ಪಟ್ಟಿ ನೆನ್ನೆ ಸಮಿತಿಗೆ ಹೋಯ್ತು. ವರ್ಷ ಮೀರಿದ್ದು ಸೊನ್ನೆ."

"ಸರ್, ಬರೀಬೇಡಿ ಅಂತ ನಾನೇ ಹೇಳಿದ್ದು."

ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. ಅವರ ದನಿ ಇಳಿದು, ಅವಳು ಬಾಗಿ ಕೇಳಬೇಕಾಯಿತು. "ಹಾಗಂತ ಬರೆದು ಸಹಿ ಹಾಕಿ ಕೊಡಿ. ಸಮಿತಿ ಮುಂದೆ ನಾನೇ ಇಡ್ತೀನಿ. ಹಾಗೇ ಇನ್ನೊಂದು ಬರೀರಿ. ನಾಲ್ಕು ವರ್ಷದಲ್ಲಿ ಇನ್ನೂರ ಮೂರು ಸಲ ಈ ಒಂದು ಫೈಲನ್ನ ಹಂಚಿಕೆಯಿಂದ ತೆಗೆದಿದೀರಿ. ಕಂಪ್ಯೂಟರಲ್ಲಿ ನಿಮ್ಮ ಹೆಸರಲ್ಲೇ ಇದೆ, ಸಾಲಾಗಿ. ಯಾಕೆ ತೆಗೆದ್ರಿ? ಯಾರಿಗೋಸ್ಕರ? ಕಂಪನಿಯವ್ರು ಕೈ ಬೆಚ್ಚಗೆ ಮಾಡಿದ್ರಾ ಅಂತ ಮೊದಲನೇ ಪ್ರಶ್ನೆ ಕೇಳ್ತಾರೆ. ಏನಂತೀರಿ?"

ಅವಳು ಅದನ್ನು ಎಂದೂ ಆ ಕಡೆಯಿಂದ ನೋಡಿರಲಿಲ್ಲ. ಹೊರಗಿನಿಂದ ನೋಡುವವರಿಗೆ, ಒಬ್ಬ ಅಧಿಕಾರಿ ಒಂದು ವಿಮೆ ಕಂಪನಿಯ ವಿರುದ್ಧದ ಫೈಲನ್ನು ನಾಲ್ಕು ವರ್ಷ ಬೇಕೆಂದೇ ಅದುಮಿಟ್ಟಿದ್ದಾಳೆ. ಅಷ್ಟೇ ಕಾಣುವುದು. ಅದು ಸುಳ್ಳೂ ಅಲ್ಲ.

"ವಿಚಾರಣೆ ಮುಗೀಲಿ" ಎಂದರು ಮುಖ್ಯಸ್ಥರು, ಈಗ ದನಿ ಸ್ವಲ್ಪ ಏರಿಸಿ, ಅಣ್ಣನಂತೆ. "ಈಗ ಮುಚ್ಚಿ. ಆಮೇಲೆ ಗದ್ದಲ ಇಲ್ಲದೆ ನಾನೇ ಮತ್ತೆ ತೆರೆದು ಕೊಡ್ತೀನಿ. ಯಾರಿಗೂ ನಷ್ಟ ಇಲ್ಲ."

ಅದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದುಕೊಳ್ಳಲು ಬೇರೇನಿತ್ತು?

ವಿಚಾರಣೆಯ ಕೋಣೆ ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಕುದುರೆ ಲಾಳದ ಆಕಾರದ ಮೇಜು, ಅದರ ಸುತ್ತ ಸಮಿತಿಯ ಒಂಬತ್ತು ಸದಸ್ಯರು, ಎದುರಿಗೆ ಸಾಕ್ಷಿಯ ಕುರ್ಚಿಯಲ್ಲಿ ಮುಖ್ಯಸ್ಥರು. ಅವರ ಬೆನ್ನ ಹಿಂದೆ ಗೋಡೆಗೆ ಒರಗಿಸಿದ ಬೆಂಚಿನಲ್ಲಿ ಪರಿಶೀಲಕಿ ಮತ್ತು ಕತ್ತರಿ, ತೊಡೆಯ ಮೇಲೆ ಫೈಲು. ಹಿಂದಿನ ಬೆಂಚಿನವರು ಮಾತಾಡುವಂತಿಲ್ಲ. ಸಾಕ್ಷಿಗೆ ಅಂಕಿ ಅಂಶ ಬೇಕಾದರೆ ಕೈಯನ್ನು ಬೆನ್ನ ಹಿಂದಕ್ಕೆ ಚಾಚುತ್ತಾರೆ, ಇವರು ಚೀಟಿ ಬರೆದು ಆ ಕೈಯಲ್ಲಿಡಬೇಕು. ಮೂಲೆಯಲ್ಲಿ ಟೀವಿಯವರ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತ್ತು.

"ನೋಡಿ ಅಕ್ಕಾ, ಆ ಬಿಳಿ ಕೂದಲಿನಾಕೆ" ಎಂದು ಕತ್ತರಿ ಪಿಸುಗುಟ್ಟಿದ. "ರಾಜಕೀಯಕ್ಕೆ ಬರೋ ಮುಂಚೆ ಹಲ್ಲಿನ ಡಾಕ್ಟ್ರಂತೆ. ನನ್ನ ಕಸುಬಿನೋರೇ."

ಒಂದು ಗಂಟೆ ಎಲ್ಲ ನುಣ್ಣಗೆ ನಡೆಯಿತು. ಅಧ್ಯಕ್ಷರು ಪಟ್ಟಿ ನೋಡಿ, ವರ್ಷ ಮೀರಿದ್ದು ಸೊನ್ನೆ ಎಂಬುದು ಶ್ಲಾಘನೀಯ ಎಂದರು. ಮುಖ್ಯಸ್ಥರು ತಲೆ ಬಾಗಿಸಿದರು. ಆಗ ಹಲ್ಲಿನ ಡಾಕ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಮೂರು ತಿಂಗಳ ಹಿಂದೆ ಇವರ ತೊಟ್ಟಿಲಲ್ಲಿ... ಹಾಗಂತ ಕರೀತಾರಂತೆ, ಚೆನ್ನಾಗಿದೆ ಹೆಸರು... ಸಾವಿರದ ಇನ್ನೂರು ಇತ್ತು. ಇವತ್ತು ಸೊನ್ನೆ. ಒಂಬೈನೂರ ನಲವತ್ತು ಜನ ಒಂದೇ ವಾರದಲ್ಲಿ ಆಸಕ್ತಿ ಕಳ್ಕೊಂಡ್ರು. ಒಟ್ಟಿಗೆ ಎಲ್ಲರಿಗೂ ವೈರಾಗ್ಯ ಬಂತಾ?"

ಯಾರೋ ನಕ್ಕರು. ಮುಖ್ಯಸ್ಥರು, ಪತ್ರ ಬರೆದೆವು, ಉತ್ತರ ಬರಲಿಲ್ಲ, ನಿಯಮದಂತೆ ನಡೆದುಕೊಂಡೆವು ಎಂದರು.

"ಮುಂದುವರಿಸಿ ಅಂತ ತಿಳಿಸಿದ್ರೂ ಮುಚ್ಚೋಕೆ ಹೊರಟಿರೋ ಫೈಲು ಒಂದಾದ್ರೂ ಇದೆಯಾ?"

ಮುಖ್ಯಸ್ಥರ ಕೈ ಬೆನ್ನ ಹಿಂದಕ್ಕೆ ಬಂತು. ಅಂಗೈ ಮೇಲಾಗಿ, ಬೆರಳುಗಳು ಸ್ವಲ್ಪ ಮಡಚಿ. ಆ ಬೆರಳಿನ ಉಗುರುಗಳನ್ನು ನೀಟಾಗಿ ಕತ್ತರಿಸಿದ್ದರು. ಪರಿಶೀಲಕಿ ಚೀಟಿಯ ಮೇಲೆ "ಒಂದು" ಎಂದು ಬರೆದಳು. ಅದನ್ನು ಹೊಡೆದು ಹಾಕಿದಳು. ಅದರ ಕೆಳಗೆ "ಲಿಖಿತವಾಗಿ ತಿಳಿಸಿದವರು ಇಲ್ಲ" ಎಂದು ಬರೆದು ಆ ಕೈಯಲ್ಲಿಟ್ಟಳು.

ಮುಖ್ಯಸ್ಥರು ಓದಿಕೊಂಡರು. "ಇಲ್ಲ, ಮಾನ್ಯರೇ" ಎಂದರು.

ಹಲ್ಲಿನ ಡಾಕ್ಟರು ಚೀಟಿಯನ್ನು ನೋಡಿದರು, ಅದು ಬಂದ ದಾರಿಯನ್ನು ನೋಡಿದರು. "ಅಧ್ಯಕ್ಷರ ಅನುಮತಿ ಇದ್ರೆ ಚೀಟಿ ಬರೆದವರನ್ನೇ ಕೇಳ್ತೀನಿ. ಅಮ್ಮಾ, ಹಿಂದೆ ಕೂತಿದೀರಲ್ಲ, ನೀವೇ ಹೇಳಿ. ಹೆದರ್ಕೋಬೇಡಿ. ಅಂಥದ್ದು ಒಂದಾದ್ರೂ ನಿಮ್ಮ ಕಣ್ಣಿಗೆ ಬಿದ್ದಿದೆಯಾ?"

ಕ್ಯಾಮೆರಾ ಅವಳ ಕಡೆ ತಿರುಗಿತು. ಎದ್ದು ನಿಂತಳು. ತೊಡೆಯ ಮೇಲಿನ ಫೈಲುಗಳು ಜಾರಿದವು, ಕತ್ತರಿ ಹಿಡಿದುಕೊಂಡ. ಮನೆಯಲ್ಲಿ ಒಂದೇ ಸಂಬಳ ಎಂಬುದು ಅವಳ ತಲೆಗೆ ಬಂತು; ಇನ್ನೂರ ಮೂರು ಎಂಬ ಅಂಕಿ ಬಂತು; ಆಮೇಲೆ ತೆರೆದು ಕೊಡ್ತೀನಿ ಎಂದದ್ದು ಬಂತು. ಯಾರಿಗೂ ನಷ್ಟ ಇಲ್ಲ. ಆ ಬಿಳಿ ಕೂದಲಿನಾಕೆ ಕಾಯುತ್ತಿದ್ದರು, ನೋವು ಯಾವ ಹಲ್ಲಿನಲ್ಲಿದೆ ಎಂದು ರೋಗಿಯೇ ಹೇಳಲಿ ಎನ್ನುವ ಹಾಗೆ.

"ಇಲ್ಲ" ಎಂದಳು ಪರಿಶೀಲಕಿ.

ಹಲ್ಲಿನ ಡಾಕ್ಟರು ನಿಟ್ಟುಸಿರು ಬಿಟ್ಟರು. "ನಿಮ್ಮ ಮಾತು ನಂಬ್ತೀನಿ. ಆದ್ರೆ ಒಂದು ವಿಷಯ. ಇವತ್ತು ನಮಗೆ ಸೊನ್ನೆ ತೋರಿಸಿ, ನಾಳೆ ಹಿಂಬಾಗಿಲಿಂದ ಅವನ್ನೇ ತೆರೆದು ಕೂರಬಾರದು. ಈ ಪಟ್ಟಿಯಲ್ಲಿರೋ ಯಾವ ಫೈಲನ್ನಾದ್ರೂ ಮತ್ತೆ ತೆರೆದ್ರೆ, ಯಾಕೆ ಮುಚ್ಚಿದ್ರಿ, ಯಾರು ಮುಚ್ಚಿದ್ರು, ಈಗ ಯಾಕೆ ತೆರೆದ್ರಿ ಅಂತ ಹೆಸರು ಸಮೇತ ಈ ಸಮಿತಿಗೆ ವರದಿ ಕೊಡಬೇಕು."

ಅಧ್ಯಕ್ಷರು ಸರಿ ಎಂದರು. ನಡಾವಳಿಯಲ್ಲಿ ದಾಖಲಾಯಿತು. ಒಳ್ಳೆಯ ಮನಸ್ಸಿನ ಆ ಹೆಂಗಸು, ಜನರ ಪರವಾಗಿಯೇ, ಕಳ್ಳದಾರಿ ಎಂದು ಮುಚ್ಚಿಸಿದ್ದು ಉಳಿದಿದ್ದ ಒಂದೇ ದಾರಿಯನ್ನು.

ಹೊರಗೆ ಕಾರಿನ ಬಳಿ ಪರಿಶೀಲಕಿ ಮುಖ್ಯಸ್ಥರನ್ನು ಹಿಡಿದಳು. "ಸರ್, ಅದೊಂದು ಫೈಲು..."

"ಕೇಳಿಸ್ಕೊಂಡ್ರಲ್ಲ ನೀವೂ" ಎಂದರು ಅವರು. ನಿಜಕ್ಕೂ ಬೇಜಾರಾದವರಂತೆ ಕಂಡರು. "ಟೀವಿ ಮುಂದೆ ಇಲ್ಲ ಅಂದಿದೀರಿ. ಈಗ ತೆರೆದ್ರೆ ನನಗಿಂತ ಮೊದಲು ನೀವು ಹೋಗ್ತೀರಿ. ಮಗಳಿದಾಳೆ ಅಲ್ವಾ ನಿಮಗೆ?"

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಐವತ್ತಾರರಲ್ಲಿ ಐವತ್ತೈದು ಮುಚ್ಚಿಯಾಗಿತ್ತು. ಕತ್ತರಿ ತನ್ನ ಪಾಲಿನ ತೊಂಬತ್ತನ್ನು ಬುಧವಾರವೇ ಮುಗಿಸಿ, ಉಗುರು ನೋಡಿಕೊಳ್ಳುತ್ತ ಕೂತಿದ್ದ. ಫೋನು ಹೊಡೆದುಕೊಂಡಿತು.

"ಮೇಡಂ, ನಾನು." ಹಿಂದೆ ಯಂತ್ರದ ಸದ್ದಿಲ್ಲ. ಹೊಲಿಗೆಯಾಕೆಯ ದನಿಯಲ್ಲಿ ನಾಲ್ಕು ವರ್ಷದಲ್ಲಿ ಕೇಳಿರದ ಉತ್ಸಾಹ. "ನಿಮ್ಮನ್ನ ಟೀವಿಲಿ ನೋಡ್ದೆ! ಮುಖ ಗೊತ್ತಿರ್ಲಿಲ್ಲ, ಒಂದೇ ಮಾತು ಹೇಳಿದ್ರಿ ನೋಡಿ, 'ಇಲ್ಲ' ಅಂತ, ಆ ದನಿ ಕೇಳಿದ್ದೇ, ರೀ, ನೋಡ್ರೀ ಇವ್ರೇ ನಮ್ಮ ಮೇಡಂ ಅಂದೆ. ನಮ್ಮನೆಯವ್ರು ದಿಂಬು ಏರಿಸು ಅಂತ ಹೇಳಿ ಕೂತ್ಕೊಂಡು ನೋಡಿದ್ರು. ಅಷ್ಟು ದೊಡ್ಡೋರ ಮುಂದೆ ಎದ್ದು ನಿಂತ್ರಲ್ಲ."

ಪರಿಶೀಲಕಿಯ ಬಾಯಿಂದ "ಹೂಂ" ಎಂಬುದೊಂದು ಬಂತು.

"ಇನ್ನಾದ್ರೂ ಬೇಗ ಆಗುತ್ತೆ ಅಲ್ವಾ ಮೇಡಂ? ಎಲ್ಲಾ ಕೇಳಿದಾರಲ್ಲ ಅವ್ರು."

ಗಾಜಿನ ಕೆಳಗೆ ಮೂರು ಸಾಲುಗಳು ಹಾಗೇ ಇದ್ದವು, ಅಂಚು ಹಳದಿಯಾಗಿ. ಪರಿಶೀಲಕಿ ಗಾಜಿನ ಮೇಲೆ ಬೆರಳಾಡಿಸಿದಳು.

"ಒಂದು ಪತ್ರ ಬರುತ್ತೆ ನಿಮಗೆ" ಎಂದಳು ಕೊನೆಗೆ.

"ತೀರ್ಮಾನದ್ದಾ?"

"ಹೌದು."

"ಕೇಳಿದ್ರಾ, ತೀರ್ಮಾನದ ಪತ್ರ ಬರುತ್ತಂತೆ!" ಎಂದು ಆಕೆ ಒಳಕ್ಕೆ ಕೂಗಿದಳು. ಆಮೇಲೆ ಫೋನು ಇಟ್ಟಳು, ಮೇಡಂ ಸಮಯ ಹಾಳು ಮಾಡಬಾರದೆಂದು.

ಪರಿಶೀಲಕಿ ರಿಸೀವರನ್ನು ಕೈಯಲ್ಲೇ ಹಿಡಿದು ಕೂತದ್ದನ್ನು ಕತ್ತರಿ ಪಕ್ಕದಿಂದ ನೋಡುತ್ತಿದ್ದ. ಅವನು ಕೆಟ್ಟವನೇನಲ್ಲ. ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದ.

"ಅಕ್ಕಾ, ಆ ಮೂವತ್ತೊಂದನೇದು ತಾನೆ? ನನಗೆ ಕೊಡಿ. ನನಗೆ ಯಾವ ಫೈಲಿನ ಮುಖಾನೂ ನೆನಪಿರಲ್ಲ. ಒಂದು ನಿಮಿಷದ ಕೆಲಸ. ನೀವು ಹೋಗಿ ಕಾಫಿ ಕುಡಿದು ಬನ್ನಿ, ಬರೋವಷ್ಟರಲ್ಲಿ ಆಗಿರುತ್ತೆ."

"ಬೇಡ" ಎಂದಳು. "ಅದು ನಂದು."

ಪರದೆಯ ಮೇಲೆ ಫೈಲನ್ನು ತೆರೆದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅದನ್ನು ತನ್ನ ಹೆಸರಿಗೆ ಎತ್ತಿಕೊಂಡಳು. ಎತ್ತಿಕೊಳ್ಳದೆ ಮುಚ್ಚಲು ಬರುತ್ತಿರಲಿಲ್ಲ. ಹುಟ್ಟಿದ ದಿನ ಎಂಬಲ್ಲಿ ಅಂದಿನ ತಾರೀಖು ಬಿತ್ತು. ಷರಾದ ಜಾಗದಲ್ಲಿ "ದೂರುದಾರರಿಗೆ ಆಸಕ್ತಿ ಇಲ್ಲ" ಎಂದು ಒಂದೊಂದೇ ಅಕ್ಷರ ಕುಟ್ಟಿದಳು. ಮುಗಿದ ದಿನ ಎಂಬಲ್ಲಿಯೂ ಅದೇ ತಾರೀಖು ಬಿತ್ತು.

ಫೈಲನ್ನು ಅವಳೇ ನೋಡಿದಳು, ಅವಳೇ ಮುಚ್ಚಿದಳು, ಇನ್ನೊಬ್ಬರ ಕೈಗೆ ಕೊಡಲಿಲ್ಲ. ಕೊಟ್ಟ ಮಾತು ಉಳಿಯಿತು.